ಕ್ಯಾಂಟಿಲಿವರ್ ಕಾಲಂ: ಫೂಟಿಂಗ್‌ನಲ್ಲಿ ಕಂಬಿ ಎಲ್ಲಿ, ಯಾಕೆ?

ಗೋಡೆಯಿಂದ ಹೊರಗೆ ಚಾಚಿದ ಸಜ್ಜಾ ನೋಡಿದ್ದೀರಿ ಅಲ್ವಾ? ಒಂದು ತುದಿ ಬಿಗಿ, ಇನ್ನೊಂದಕ್ಕೆ ಆಸರೆ ಇಲ್ಲ. ಅದೇ ಕ್ಯಾಂಟಿಲಿವರ್. ಅದನ್ನು ನೆಟ್ಟಗೆ ನಿಲ್ಲಿಸಿದರೆ ಕ್ಯಾಂಟಿಲಿವರ್ ಕಾಲಂ. ಗೇಟಿನ ಕಂಬ, ಹೋರ್ಡಿಂಗ್ ಕಂಬ, ಒಂದೇ ಸಾಲು ಕಾಲಂ ಮೇಲೆ ನಿಂತ ಕಾರ್ ಶೆಡ್ ಎಲ್ಲ ಇದೇ ಜಾತಿ.

ಮನೆಯೊಳಗಿನ ಕಾಲಂ ತಲೆಯನ್ನು ಬೀಮುಗಳು ಹಿಡಿದಿರುತ್ತವೆ. ಅಲ್ಲಿ ಫೂಟಿಂಗ್‌ನ, ಅಂದರೆ ಕಾಲಂ ಬುಡದಲ್ಲಿ ಮಣ್ಣೊಳಗೆ ಕೂರುವ ಅಗಲ ಕಾಂಕ್ರೀಟ್ ಪಾದದ, ಮುಖ್ಯ ಕೆಲಸ ಭಾರ ಹೊರುವುದು. ಇಲ್ಲಿ ಹಾಗಲ್ಲ. ಗಾಳಿ ತಲೆಯನ್ನು ತಳ್ಳಿದರೆ ಬಾಗಿಸುವ ಬಲವೆಲ್ಲ ಬುಡಕ್ಕೇ ಬರುತ್ತದೆ.

ಸಣ್ಣ ಲೆಕ್ಕ ನೋಡಿ. ಫೂಟಿಂಗ್ ತಳದಿಂದ 3 ಮೀಟರ್ ಮೇಲೆ ಗಾಳಿ 200 ಕೆಜಿ ಬಲದಿಂದ ತಳ್ಳಿತು ಅನ್ನಿ. ತಳದಲ್ಲಿ ಅದು 600 ಕೆಜಿ-ಮೀಟರ್. ಕಾಲಂ, ಫೂಟಿಂಗ್, ಮೇಲಿನ ಮಣ್ಣು ಸೇರಿ 2 ಟನ್ ಭಾರವಿದ್ದರೆ, ಆ ಭಾರ ನಡುವಿನಿಂದ 30 ಸೆಂ.ಮೀ. ಪಕ್ಕಕ್ಕೆ ಸರಿದಂತೆ ಆಗುತ್ತದೆ. ಈ ಸರಿತ ಫೂಟಿಂಗ್ ಉದ್ದದ ಆರನೇ ಒಂದು ಭಾಗ ಮೀರಿದರೆ ಒಂದು ಅಂಚು ಮಣ್ಣಿನಿಂದ ಏಳಲು ನೋಡುತ್ತದೆ. ಅಂದರೆ ಗಾಳಿಯ ದಿಕ್ಕಿನಲ್ಲಿ 1.8 ಮೀಟರ್ ಉದ್ದ ಬೇಕು. ಗೇಟಿನ ಕಂಬಕ್ಕೆ ಸುಮ್ನೆ ಎರಡಡಿ ಗುಂಡಿ ತೋಡಿ ಕಾಂಕ್ರೀಟ್ ಸುರಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಈಗ ಕಂಬಿ. ತಳದಲ್ಲಿ ಕಂಬಿಯ ಜಾಲರಿ ಎಲ್ಲ ಫೂಟಿಂಗ್‌ಗೂ ಇರುತ್ತದೆ. ಮಣ್ಣು ಕೆಳಗಿನಿಂದ ಒತ್ತುವಾಗ ಫೂಟಿಂಗ್ ಬಾಗದಂತೆ ಅದು ತಡೆಯುತ್ತದೆ. ಏಳಲು ನೋಡುವ ಬದಿಯಲ್ಲಿ ಕತೆ ಉಲ್ಟಾ. ಅಲ್ಲಿ ಮೇಲಿನ ಮಣ್ಣು ಫೂಟಿಂಗ್ ಅನ್ನು ಕೆಳಗೆ ಒತ್ತುತ್ತದೆ, ಬಿರುಕು ಮೇಲ್ಮೈಯಲ್ಲಿ ಬರುತ್ತದೆ. ಅದಕ್ಕೇ ಮೇಲೂ ಒಂದು ಜಾಲರಿ ಬೇಕಾಗಬಹುದು. ಗಾಳಿ ಎರಡೂ ಕಡೆಯಿಂದ ಬೀಸುವುದರಿಂದ ಅದನ್ನು ಎರಡೂ ಬದಿಗೆ ಹಾಕಬೇಕು.

ಎಲ್ಲಕ್ಕಿಂತ ಮುಖ್ಯ, ಕಾಲಂ ಕಂಬಿ ಫೂಟಿಂಗ್ ಒಳಗೆ ಎಷ್ಟು ಹಿಡಿತ ಪಡೆದಿದೆ ಅನ್ನುವುದು. ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಲೆಕ್ಕದಲ್ಲಿ ಎಂ25 ದರ್ಜೆಯ ಕಾಂಕ್ರೀಟ್, ಎಫ್‌ಇ 500 ದರ್ಜೆಯ ಕಂಬಿ ಆದರೆ 16 ಮಿ.ಮೀ. ಕಂಬಿಗೆ ಸುಮಾರು 780 ಮಿ.ಮೀ. ಉದ್ದದ ಹಿಡಿತ ಬೇಕು. ಫೂಟಿಂಗ್ ಸಾಮಾನ್ಯವಾಗಿ ಅಷ್ಟು ದಪ್ಪ ಇರುವುದಿಲ್ಲ. ಆದ್ದರಿಂದಲೇ ಕಂಬಿಯನ್ನು ತಳದವರೆಗೂ ಇಳಿಸಿ, ಎಲ್ ಆಕಾರಕ್ಕೆ ಬಗ್ಗಿಸಿ, ಜಾಲರಿಯ ಮೇಲೆ ಕೂರಿಸಿ ಕಟ್ಟುತ್ತಾರೆ. ಅರ್ಧಕ್ಕೇ ನಿಲ್ಲಿಸಿದ ಕಂಬಿ ಜೋರು ಗಾಳಿಗೆ ಕಿತ್ತು ಬರಬಹುದು. ಜಾಲರಿ ಕೆಳಗೆ 50 ಮಿ.ಮೀ. ಕವರ್ ಬ್ಲಾಕ್ (ಕಂಬಿಯನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ತುಂಡು) ಇಡುವುದನ್ನೂ ಮರೆಯಬಾರದು.

ಇನ್ನೊಂದು ವಿಷಯ. ಫೂಟಿಂಗ್ ಮೇಲೆ ಗಿಡ್ಡ ಕಂಬಿ ಬಿಟ್ಟು, ಆಮೇಲೆ ಅಲ್ಲೇ ಬೇರೆ ಕಂಬಿ ಜೋಡಿಸುವ ರೂಢಿ ಇದೆ. ಬಾಗುವ ಬಲ ಅತಿ ಜಾಸ್ತಿ ಇರುವ ಜಾಗವೇ ಅದು. ಕಂಬಿ 12 ಮೀಟರ್ ಉದ್ದದಲ್ಲಿ ಸಿಗುತ್ತದೆ. 3 ಮೀಟರ್ ಕಾಲಂಗೆ ತಳದಿಂದ ತಲೆಯವರೆಗೆ ಒಂದೇ ಕಂಬಿ ಹೋಗಲಿ.