ಬೇಕಲದ ಕಡಲು, ನೀರಾಟದ ಪಾರ್ಕು: ಕುಟುಂಬ ಪ್ಯಾಕೇಜ್ ಕಟ್ಟುವ ಲೆಕ್ಕ

ಥೀಮ್ ಪಾರ್ಕ್ ಮತ್ತು ಬೀಚ್ ರೆಸಾರ್ಟ್ ಎರಡನ್ನೂ ಸೇರಿಸಿದ ಕುಟುಂಬ ಪ್ಯಾಕೇಜ್ ಎಂದ ಕೂಡಲೇ ನಮ್ಮ ಪ್ರವಾಸೋದ್ಯಮ ಪಠ್ಯದಲ್ಲಿ ಓದಲು ಸಿಗುವ ಉದಾಹರಣೆಗಳು ಫ್ಲಾರಿಡಾದವು, ಸಿಂಗಪುರದವು. ಪರೀಕ್ಷೆಗೆ ಅವು ಬೇಕು. ಆದರೆ ನಾಳೆ ನಮ್ಮ ಮುಂದೆ ಬಂದು ಕೂರುವ ಗಿರಾಕಿ ಕುಂಬಳೆಯವರೋ ಬದಿಯಡ್ಕದವರೋ ಆಗಿರುತ್ತಾರೆ. ಅಜ್ಜ, ಅಜ್ಜಿ, ಪುತ್ತೂರಿನಿಂದ ರಜೆಗೆ ಬಂದ ಅಕ್ಕನ ಮಕ್ಕಳು, ಗಲ್ಫಿನಿಂದ ಹದಿನೈದು ದಿನಕ್ಕೆ ಬಂದ ಚಿಕ್ಕಪ್ಪ, ಎಲ್ಲರೂ ಒಂದೇ ವ್ಯಾನಿನಲ್ಲಿ ಹೋಗಬೇಕು. ಅದಕ್ಕೇ ಈ ಟಿಪ್ಪಣಿಯಲ್ಲಿ ಪಠ್ಯದ ತತ್ವಗಳನ್ನು ನಮ್ಮ ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಹೊಂದಿಸಿ ಬರೆದಿದ್ದೇನೆ.

ಎರಡು ಮಾದರಿಗಳು

1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಸುತ್ತಲಿನ ಜಾಗ ಬೇರೆಯವರದು. ಅಲ್ಲಿ ಮೋಟೆಲ್‌ಗಳು ಎದ್ದವು, ರಾತ್ರಿ ವಾಸ್ತವ್ಯದ ಆದಾಯ ಅವರ ಪಾಲಾಯಿತು. ಮುಂದೆ ಫ್ಲಾರಿಡಾದಲ್ಲಿ ಡಿಸ್ನಿ ಸಂಸ್ಥೆ ಮೊದಲೇ 27,000 ಎಕರೆಗೂ ಹೆಚ್ಚು ಜಾಗ ಖರೀದಿಸಿ, 1971ರಲ್ಲಿ ಪಾರ್ಕಿನ ಜೊತೆಗೇ ತನ್ನ ಹೋಟೆಲ್‌ಗಳನ್ನೂ ತೆರೆಯಿತು. 1998ರಲ್ಲಿ ಪೋರ್ಟ್ ಕೆನಾವೆರಲ್‌ನಿಂದ ಸ್ವಂತ ಪ್ರವಾಸಿ ಹಡಗು ಹೊರಡಿಸಿ, ಪಾರ್ಕಿನಲ್ಲಿ ಮೂರ್ನಾಲ್ಕು ರಾತ್ರಿ, ಬಳಿಕ ಹಡಗಿನಲ್ಲಿ ಮೂರ್ನಾಲ್ಕು ರಾತ್ರಿ ಸೇರಿಸಿ ಒಂದು ವಾರದ ಪ್ಯಾಕೇಜ್ ಮಾರಿತು. ಇಲ್ಲಿ ಜನ ಬರುವುದು ಪಾರ್ಕಿಗಾಗಿ. ಕಡಲು ಅದಕ್ಕೆ ಸೇರ್ಪಡೆ.

ಸ್ಪೇನ್‌ನ ಸಾಲೌ ಪಟ್ಟಣದ ಬಳಿ ನಡೆದದ್ದು ಇದರ ತಿರುವುಮುರುವು. ಕೋಸ್ಟಾ ಡೊರಾಡಾ ತೀರಕ್ಕೆ ಜನ ಮೊದಲಿಂದಲೂ ಸಮುದ್ರಕ್ಕಾಗಿಯೇ ಬರುತ್ತಿದ್ದರು. 1995ರಲ್ಲಿ ಪೋರ್ಟ್‌ಅವೆಂಚುರಾ ಪಾರ್ಕ್ ಬಂದ ಮೇಲೆ ಅವರ ರಜೆಯಲ್ಲಿ ಒಂದೆರಡು ದಿನ ಅದಕ್ಕೂ ಹೋಯಿತು. ಚೆನ್ನೈಯ ಪೂರ್ವ ಕರಾವಳಿ ರಸ್ತೆಯಲ್ಲಿ ವಿಜಿಪಿ, ಎಂಜಿಎಂ ಪಾರ್ಕ್‌ಗಳು ಕಡಲಂಚಿಗೆ ಬಂದು ಕುಳಿತದ್ದನ್ನೂ ಈ ಸಾಲಿಗೆ ಸೇರಿಸಬಹುದು.

ಬೇಕಲ ಎರಡನೆಯ ಮಾದರಿಗೆ ಸೇರುತ್ತದೆ. ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ, ಅದರ ಎರಡೂ ಬದಿಗೆ ಮರಳತೀರ. 1992ರಲ್ಲಿ ಕೇಂದ್ರ ಸರಕಾರ ಇದನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹುಟ್ಟಿತು. ತಾಜ್, ಲಲಿತ್‌ನಂಥ ದೊಡ್ಡ ರೆಸಾರ್ಟ್‌ಗಳು ಬಂದವು. ಆದರೆ ಜಿಲ್ಲೆಯೊಳಗೆ ಹೇಳಿಕೊಳ್ಳುವಂಥ ದೊಡ್ಡ ಪಾರ್ಕ್ ಇಲ್ಲ. ಆದ್ದರಿಂದ ನಮ್ಮ ಪ್ಯಾಕೇಜಿನಲ್ಲಿ ರಾತ್ರಿ ವಾಸ ಬೇಕಲದಲ್ಲಿ, ಪಾರ್ಕಿಗೆ ಒಂದು ಹಗಲು.

ಗಟ್ಟಿ ಭಾಗ, ಸಡಿಲ ಭಾಗ

ಇಡೀ ವಿಷಯದ ತಿರುಳು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಪ್ಯಾಕೇಜಿನ ಪ್ರತಿಯೊಂದು ಭಾಗವನ್ನೂ ಗಟ್ಟಿ ಮತ್ತು ಸಡಿಲ ಎಂದು ಮೊದಲು ವಿಂಗಡಿಸಿ. ಪಾರ್ಕ್ ಗಟ್ಟಿ. ಬಾಗಿಲು ತೆರೆಯುವುದಕ್ಕೆ, ಮುಚ್ಚುವುದಕ್ಕೆ ಸಮಯವಿದೆ. ಟಿಕೆಟ್ ಇಡೀ ದಿನದ್ದು, ಮಧ್ಯಾಹ್ನ ಒಳಗೆ ಹೋದವರಿಗೂ ಅದೇ ದರ. ರೂಮಿನ ಚೆಕ್ ಇನ್, ಚೆಕ್ ಔಟ್ ಕೂಡ ಗಟ್ಟಿ. ಸಮುದ್ರ ಸಡಿಲ. ಅದಕ್ಕೆ ಟಿಕೆಟ್ ಇಲ್ಲ, ಅರ್ಧ ಗಂಟೆ ಬಿಡುವಿದ್ದರೂ ಹೋಗಿ ಬರಬಹುದು. ಗಟ್ಟಿಯಾದದ್ದನ್ನು ಮೊದಲು ಕಾಗದದ ಮೇಲೆ ಊರಿ, ಉಳಿದ ಸಂದುಗಳಿಗೆ ಸಡಿಲವಾದದ್ದನ್ನು ತುಂಬಬೇಕು. ಮೊದಲು ಸಮುದ್ರದ ಸಮಯ ನಿಗದಿಮಾಡಿ, ಆಮೇಲೆ ಪಾರ್ಕಿಗೆ ಜಾಗ ಹುಡುಕುವುದು ತಲೆಕೆಳಗಾದ ಕ್ರಮ.

ಬಿಸಿಲೂ ಇದಕ್ಕೇ ಹೊಂದುತ್ತದೆ. ಏಪ್ರಿಲ್ ತಿಂಗಳ ಹನ್ನೆರಡು ಗಂಟೆಗೆ ಬೇಕಲದ ಪಕ್ಕದ ಪಳ್ಳಿಕ್ಕೆರೆಯ ಮರಳಿನಲ್ಲಿ ಬರಿಗಾಲಿಡಲು ಆಗುವುದಿಲ್ಲ. ಕಡಲಿಗೆ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ. ನಡುಹಗಲಿಗೆ ನೀರಾಟದ ಪಾರ್ಕು ಸರಿ.

ಹಾಗೆಂದು ಎರಡನ್ನೂ ಒಂದೇ ದಿನಕ್ಕೆ ತುರುಕಬಾರದು. ಐದಾರು ಗಂಟೆ ನೀರಿನಲ್ಲಿ ಆಡಿದ ಮಕ್ಕಳು ವ್ಯಾನ್ ಹತ್ತಿದ ಕೂಡಲೇ ನಿದ್ದೆ ಹೋಗುತ್ತಾರೆ. ಅವರನ್ನು ಎಬ್ಬಿಸಿ ಸೂರ್ಯಾಸ್ತ ತೋರಿಸುವುದರಲ್ಲಿ ಯಾರಿಗೂ ಸುಖವಿಲ್ಲ. ಎರಡು ರಾತ್ರಿ, ಮೂರು ಹಗಲಿನ ಪ್ಯಾಕೇಜಿನಲ್ಲಿ ಪಾರ್ಕು ನಡುವಿನ ದಿನವೇ ಇರಲಿ. ಮೊದಲ ದಿನ ಮಧ್ಯಾಹ್ನ ಚೆಕ್ ಇನ್, ಸಂಜೆ ಕಡಲು. ಎರಡನೆಯ ದಿನ ಪಾರ್ಕು. ಮೂರನೆಯ ದಿನ ಬೆಳಿಗ್ಗೆ ಮತ್ತೆ ಕಡಲು, ಬಿಸಿಲೇರುವ ಮೊದಲು ಕೋಟೆ, ಚೆಕ್ ಔಟ್. ಕೊನೆಯ ದಿನಕ್ಕೆ ಪಾರ್ಕ್ ಇಟ್ಟರೆ ಒದ್ದೆ ಬಟ್ಟೆಯ ಗಂಟು, ಸುಸ್ತು, ಮನೆಗೆ ಮರಳುವ ದಾರಿ ಮೂರೂ ಒಟ್ಟಿಗೆ ಬೀಳುತ್ತವೆ. ಮೊದಲ ದಿನಕ್ಕೆ ಇಟ್ಟರೆ ಲಗೇಜ್ ವ್ಯಾನಿನಲ್ಲೇ ಉಳಿಯುತ್ತದೆ.

ತೆಂಕಣ ದಾರಿ, ಬಡಗಣ ದಾರಿ

ಬೇಕಲದಲ್ಲಿ ಉಳಿದುಕೊಂಡವರಿಗೆ ಎರಡು ಪಾರ್ಕ್‌ಗಳು ಹೆಚ್ಚುಕಡಿಮೆ ಸಮಾನ ದೂರದಲ್ಲಿವೆ. ತೆಂಕಕ್ಕೆ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ವಿಸ್ಮಯ, ಬಡಗಕ್ಕೆ ಮಂಗಳೂರಿನ ಪಿಲಿಕುಳದ ಮಾನಸ. ಎರಡಕ್ಕೂ ಎಪ್ಪತ್ತು ಕಿಲೋಮೀಟರ್ ಆಸುಪಾಸು ಎಂದು ಇಟ್ಟುಕೊಳ್ಳಿ. ಖಚಿತ ವ್ಯಾಖ್ಯೆಯ ಪ್ರಕಾರ ಇವು ಥೀಮ್ ಪಾರ್ಕ್ ಅಲ್ಲ. ಒಂದು ಕಥೆ ಅಥವಾ ಕಲ್ಪನೆಯ ಸುತ್ತ ಕಟ್ಟಡ, ವೇಷ, ಆಟ ಎಲ್ಲವನ್ನೂ ಹೆಣೆದರೆ ಮಾತ್ರ ಥೀಮ್ ಪಾರ್ಕ್. ಇವು ಮನರಂಜನೆಯ, ನೀರಾಟದ ಪಾರ್ಕ್‌ಗಳು. ಪರೀಕ್ಷೆಯ ಉತ್ತರದಲ್ಲಿ ಈ ವ್ಯತ್ಯಾಸ ಬರೆಯಿರಿ. ಪ್ಯಾಕೇಜಿನ ಲೆಕ್ಕಕ್ಕೆ ವ್ಯತ್ಯಾಸ ಬೀಳದು.

ನನ್ನ ಆಯ್ಕೆ ತೆಂಕಣ ದಾರಿ. ವಿಸ್ಮಯವನ್ನು ನಡೆಸುವುದು ಒಂದು ಸಹಕಾರಿ ಸಂಘ, ಮಲಬಾರ್ ಟೂರಿಸಂ ಡೆವಲಪ್‌ಮೆಂಟ್ ಕೋಆಪರೇಟಿವ್. 2008ರಲ್ಲಿ ತೆರೆದ ಈ ಪಾರ್ಕು ಮಳೆನೀರನ್ನು ಸಂಗ್ರಹಿಸಿ ಬಳಸುವುದಕ್ಕೆ ಹೆಸರಾಗಿದೆ. ಆದರೆ ನಾನು ಇದನ್ನು ಮೇಲೆ ಇಡುವುದು ಅದರ ನೆರೆಹೊರೆಗಾಗಿ. ಅಜ್ಜ ಅಜ್ಜಿ ನೀರಿಗೆ ಇಳಿಯುವುದಿಲ್ಲ. ಗಂಟೆಗಟ್ಟಲೆ ಅವರು ಒದ್ದೆ ಟವೆಲ್‌ಗಳಿಗೆ ಕಾವಲು ಕೂರಬೇಕಾಗಿ ಬಂದರೆ ಆ ಪ್ಯಾಕೇಜ್ ಕುಟುಂಬದ್ದಲ್ಲ, ಮಕ್ಕಳದ್ದು ಮಾತ್ರ. ಪರಶ್ಶಿನಿಕಡವಿನಲ್ಲಿ ವಳಪಟ್ಟಣಂ ಹೊಳೆಯ ದಂಡೆಯ ಮೇಲೆ ಮುತ್ತಪ್ಪ ದೈವದ ಗುಡಿ, ಅಂದರೆ ಮಡಪ್ಪುರ, ಇದೆ. ಜಾತಿ ಧರ್ಮ ಕೇಳದೆ ಎಲ್ಲರನ್ನೂ ಒಳಗೆ ಬಿಡುವ ಕ್ಷೇತ್ರ. ದೈವದ ವೇಷ ಕಟ್ಟಿ ಕುಣಿಯುವ ಮುತ್ತಪ್ಪನ ತೆಯ್ಯಂಗೆ ಅಲ್ಲಿ ಋತುವಿನ ಕಟ್ಟಿಲ್ಲ. ಬಂದವರಿಗೆ ಬೇಯಿಸಿದ ಕಾಳು, ತೆಂಗಿನಕಾಯಿ ಚೂರು, ಚಹಾ ಪ್ರಸಾದವಾಗಿ ಸಿಗುತ್ತದೆ. ಹತ್ತಿರದಲ್ಲೇ ಹಾವುಗಳ ಪಾರ್ಕು, ಹೊಳೆಯಲ್ಲಿ ದೋಣಿ. ಮಕ್ಕಳು ಮತ್ತು ಅವರ ಅಪ್ಪ ಅಮ್ಮ ಪಾರ್ಕಿನಲ್ಲಿ, ಹಿರಿಯರು ಮಡಪ್ಪುರದಲ್ಲಿ, ಸಂಜೆ ಒಂದೇ ವ್ಯಾನಿನಲ್ಲಿ ಎಲ್ಲರೂ. ಗುಂಪನ್ನು ಬಿಡಿಸಿ ಮತ್ತೆ ಕೂಡಿಸುವುದು ಕುಟುಂಬ ಪ್ಯಾಕೇಜಿನ ಅತಿ ಮುಖ್ಯ ಕೌಶಲ. ಅದಕ್ಕೆ ಎರಡು ಜಾಗಗಳ ನಡುವೆ ದೂರ ಕಡಿಮೆ ಇರಬೇಕು, ವ್ಯಾನ್ ಎರಡು ಸಲ ಓಡಾಡಲು ಡ್ರೈವರ್ ಜೊತೆ ಮೊದಲೇ ಮಾತಾಗಿರಬೇಕು.

ಪಿಲಿಕುಳವೂ ಕಡಿಮೆಯಲ್ಲ. ಮೃಗಾಲಯ, ತಾರಾಲಯ, ತುಳುನಾಡಿನ ಹಳೆಯ ಗುತ್ತಿನ ಮನೆಯ ಮಾದರಿ, ಕೆರೆ ಎಲ್ಲ ಒಂದೇ ಆವರಣದಲ್ಲಿವೆ. ನಡಿಗೆ ಮಾತ್ರ ಜಾಸ್ತಿ, ಮಂಡಿನೋವಿನವರಿಗೆ ಕಷ್ಟ. ಕೊಚ್ಚಿಯ ವಂಡರ್‌ಲಾ ಮೂರು ದಿನದೊಳಗೆ ಬೇಡ, ದೂರ.

ಮಕ್ಕಳ ದರ ಎಂಬ ತೊಡಕು

ಒಂದೇ ಹುಡುಗಿ ಒಂದೇ ಪ್ರವಾಸದಲ್ಲಿ ಒಂದು ಕಡೆ ಮಗು, ಇನ್ನೊಂದು ಕಡೆ ದೊಡ್ಡವಳು. ರೈಲಿನಲ್ಲಿ ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಐದರಿಂದ ಹನ್ನೆರಡರ ಒಳಗಿನವರಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಪುರಾತತ್ವ ಇಲಾಖೆಯ ಕೈಯಲ್ಲಿರುವ ಬೇಕಲ ಕೋಟೆಗೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ರೆಸಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಐದಾರು ವರ್ಷದವರೆಗೆ ಉಚಿತ, ಹನ್ನೆರಡರವರೆಗೆ ಎಕ್ಸ್‌ಟ್ರಾ ಬೆಡ್ ದರ, ಆಮೇಲೆ ದೊಡ್ಡವರ ಲೆಕ್ಕ. ನೀರಾಟದ ಪಾರ್ಕ್‌ಗಳಲ್ಲಿ ಬಹುಪಾಲು ವಯಸ್ಸನ್ನು ಕೇಳುವುದೇ ಇಲ್ಲ, ಗೋಡೆಯ ಅಳತೆಪಟ್ಟಿಗೆ ನಿಲ್ಲಿಸಿ ಎತ್ತರ ನೋಡುತ್ತಾರೆ.

ಎತ್ತರದ ವಿಷಯ ಹಣದ್ದಷ್ಟೇ ಅಲ್ಲ. ದೊಡ್ಡ ಸವಾರಿಗಳಿಗೆ ಕನಿಷ್ಠ ಎತ್ತರದ ನಿಯಮವಿರುತ್ತದೆ, ಅದು ಸುರಕ್ಷತೆಯ ಪ್ರಶ್ನೆ. ಅಣ್ಣ ಹತ್ತಿದ ಆಟಕ್ಕೆ ತಂಗಿಯನ್ನು ಬಿಡದೆ ಗೇಟಿನಲ್ಲಿ ತಡೆದರೆ ಆ ಮಗುವಿಗೆ ಆಗುವ ನಿರಾಸೆ ಸಣ್ಣದಲ್ಲ. ಆದ್ದರಿಂದ ಬುಕಿಂಗ್ ಫಾರ್ಮಿನಲ್ಲಿ ಮಕ್ಕಳ ಜನ್ಮದಿನಾಂಕದ ಪಕ್ಕದಲ್ಲಿ ಎತ್ತರಕ್ಕೂ ಒಂದು ಕಾಲಂ ಇರಲಿ. ನೀರಿನ ಆಟಕ್ಕೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಕಡ್ಡಾಯ ಎಂಬುದನ್ನೂ ಆಗಲೇ ಹೇಳಿಬಿಡಿ. ಸೀರೆಯಲ್ಲೋ ಚೂಡಿದಾರದಲ್ಲೋ ಬಂದ ಅತ್ತೆ ಗೇಟಿನಲ್ಲಿ ಮುಜುಗರಪಡುವಂತೆ ಆಗಬಾರದು.

ಯಾವಾಗ ಹೋಗುವುದು

ನಮ್ಮ ಗಡಿಯ ಕುಟುಂಬಗಳಿಗೆ ಎರಡು ಶಾಲಾ ಕ್ಯಾಲೆಂಡರ್. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ನಡೆಯುವುದು ಕೇರಳದ ಕ್ಯಾಲೆಂಡರಿನಲ್ಲಿ: ಓಣಂ ರಜೆ, ಕ್ರಿಸ್‌ಮಸ್ ರಜೆ, ಏಪ್ರಿಲ್ ಮತ್ತು ಮೇ. ತಲಪಾಡಿ ದಾಟಿದರೆ ಕರ್ನಾಟಕದ ಮಕ್ಕಳಿಗೆ ದಸರಾ ರಜೆ, ಬೇಸಿಗೆ ರಜೆ. ಅಕ್ಕ ತಂಗಿಯರ ಮಕ್ಕಳು ಸೇರಿ ಹೋಗಬೇಕೆಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಅವಧಿ ಮಾತ್ರ ಎರಡೂ ಕಡೆಗೆ ಒದಗುತ್ತದೆ. ರೂಮುಗಳ ದರ ಏರುವುದೂ, ಪಾರ್ಕಿನಲ್ಲಿ ಕ್ಯೂ ಬೆಳೆಯುವುದೂ ಆಗಲೇ.

ಅದೇ ಅವಧಿಯಲ್ಲಿ ಕಡಲಿನದೊಂದು ಅಪಾಯವಿದೆ, ಪಠ್ಯಗಳಲ್ಲಿ ಇದು ಬರುವುದಿಲ್ಲ. ಕಳ್ಳಕಡಲ್. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಕೇರಳದ ತೀರಕ್ಕೆ ಬಂದು ಅಪ್ಪಳಿಸುತ್ತವೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆದರೂ ನೀರು ಏಕಾಏಕಿ ಮೇಲೇರುತ್ತದೆ. ಮಳೆಗಾಲಕ್ಕೆ ಮೊದಲಿನ ತಿಂಗಳುಗಳಲ್ಲಿ ಇದು ಹೆಚ್ಚು. ಕಡಲಿನ ಸ್ಥಿತಿಯ ಮಾಹಿತಿ ಕೊಡುವ ಹೈದರಾಬಾದಿನ ಇಂಕೋಯಿಸ್ (INCOIS) ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಮತ್ತು ಆ ದಿನ ಬೆಳಿಗ್ಗೆ ಅದನ್ನು ನೋಡುವುದು ಪ್ಯಾಕೇಜ್ ಮಾಡುವವರ ಕೆಲಸ. ಎಚ್ಚರಿಕೆ ಇದ್ದರೆ ಕಡಲಿಗೆ ಇಳಿಸಬೇಡಿ. ಬದಲಿಗೆ ರೆಸಾರ್ಟಿನ ಈಜುಕೊಳ ಅಥವಾ ವಲಿಯಪರಂಬ ಹಿನ್ನೀರಿನ ಹೌಸ್‌ಬೋಟ್. ಈ ಬದಲಿಯನ್ನು ಪ್ಯಾಕೇಜಿನ ಹಾಳೆಯಲ್ಲೇ ಮುದ್ರಿಸಿ, ಆಗ ದೂರು ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲ ಸ್ನಾನವನ್ನು ಮಾರಲೇಬಾರದು.

ದರ ಕಟ್ಟುವುದು

ಅನೇಕರಿಗೆ ಕಷ್ಟವಾಗುವ ಭಾಗ ಇದು, ಆದ್ದರಿಂದ ಅಂಕಿ ಸಮೇತ ನೋಡೋಣ. ಅಂಕಿಗಳು ಲೆಕ್ಕ ಕಲಿಯಲಿಕ್ಕಾಗಿ ಇಟ್ಟವು, ಮಾರುಕಟ್ಟೆಯ ದರ ಅಲ್ಲ. ವ್ಯಾನ್ ಬಾಡಿಗೆ ಮೂರು ದಿನಕ್ಕೆ 24,000. ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ 3,000. ಒಟ್ಟು 27,000. ಆರು ಜನ ಬಂದರೂ ಒಂಬತ್ತು ಜನ ಬಂದರೂ ಇದು ಬದಲಾಗದ ವೆಚ್ಚ. ತಲೆಯೊಂದಕ್ಕೆ ರೂಮಿನ ಪಾಲು 4,000, ಊಟ 1,500, ಪಾರ್ಕ್ 1,200. ಒಟ್ಟು 6,700, ಇದು ಜನಸಂಖ್ಯೆಯೊಂದಿಗೆ ಏರುವ ವೆಚ್ಚ.

ಒಂಬತ್ತು ಜನರೆಂದು ಹಿಡಿದರೆ ವ್ಯಾನಿನ ಪಾಲು ತಲಾ 3,000, ಒಟ್ಟು ತಲಾ 9,700. ಲಾಭಕ್ಕೆಂದು ಶೇಕಡಾ 10 ಸೇರಿಸಿ 10,670 ಎಂದು ದರ ಹೇಳಿದಿರಿ. ಒಂಬತ್ತೂ ಜನ ಬಂದರೆ 96,030 ಬರುತ್ತದೆ, ಖರ್ಚು 87,300, ಉಳಿಕೆ 8,730. ಆದರೆ ಹೊರಡುವ ಹಿಂದಿನ ದಿನ ಮೂವರಿಗೆ ಜ್ವರ. ಆರು ಜನರಿಂದ ಬಂದದ್ದು 64,020, ಖರ್ಚು 67,200. 3,180 ರೂಪಾಯಿ ಕೈಯಿಂದ ಹೋಯಿತು. ಒಬ್ಬರಿಂದ ವ್ಯಾನಿನ ವೆಚ್ಚಕ್ಕೆ ಒದಗುವುದು 10,670ರಲ್ಲಿ 6,700 ಕಳೆದ 3,970. 27,000ವನ್ನು ಅದರಿಂದ ಭಾಗಿಸಿದರೆ 6.8. ಅಂದರೆ ಏಳು ಜನಕ್ಕಿಂತ ಕಡಿಮೆಯಾದರೆ ನಷ್ಟ. ಪ್ರತಿ ಪ್ಯಾಕೇಜಿಗೂ ಈ ಸಂಖ್ಯೆಯನ್ನು ಮೊದಲು ಕಂಡುಹಿಡಿದು, ಬಳಿಕ ದರ ಹೇಳಿ.

ತೆರಿಗೆಯ ವಿಷಯ ಚುಟುಕಾಗಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇಕಡಾ 5 ಜಿಎಸ್‌ಟಿ, ಅದಕ್ಕಿಂತ ಮೇಲಿನದಕ್ಕೆ ಶೇಕಡಾ 18. ರಜೆಯ ದಟ್ಟಣೆಯಲ್ಲಿ 7,400ರ ರೂಮು 7,600 ಆದರೆ ಗಿರಾಕಿಗೆ ಬೀಳುವ ಹೆಚ್ಚಳ ಇನ್ನೂರೇ ಅಲ್ಲ. 7,770 ಕೊಡುತ್ತಿದ್ದವರು 8,968 ಕೊಡಬೇಕಾಗುತ್ತದೆ.

ಹಾಳೆಯಲ್ಲಿ ಬರೆಯುವ ಮಾತು

ಕಡಲಂಚಿನ ರೂಮು ಎಂದು ಬರೆಯುವ ಮೊದಲು ಹೋಗಿ ನೋಡಿ ಬನ್ನಿ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಮೊದಲು ಬಂತು, ಈಗಿನದು 2019ರದ್ದು. ಭರತದ ನೀರು ತಲುಪುವ ಗೆರೆಯಿಂದ ನಿಗದಿತ ದೂರದೊಳಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿರುವುದರಿಂದ ಒಳ್ಳೆಯ ರೆಸಾರ್ಟೂ ನೀರಿನಿಂದ ಹಿಂದೆ ಸರಿದೇ ಇರುತ್ತದೆ. ಕಡಲಿಗೆ ಎಷ್ಟು ಹೊತ್ತು ನಡೆಯಬೇಕು, ಮೆಟ್ಟಿಲು ಇದೆಯೇ ಎಂದು ಬರೆಯಿರಿ. ಅಜ್ಜಿಗೆ ಬೇಕಾದ ಮಾಹಿತಿ ಅದು. ಹೇಳಿದ್ದು ಸಿಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅದು ಸೇವಾ ನ್ಯೂನತೆ, ಜಿಲ್ಲಾ ಆಯೋಗಕ್ಕೆ ದೂರು ಹೋಗಬಹುದು.

ಊಟದ ವಿಷಯದಲ್ಲಿ ಸಸ್ಯಾಹಾರದ ಅಡುಗೆ ಬೇರೆ ಪಾತ್ರೆಯಲ್ಲಿ ಆಗುತ್ತದೆಯೇ, ಹಲಾಲ್ ಸಿಗುತ್ತದೆಯೇ, ರಾತ್ರಿ ಹಿರಿಯರಿಗೆ ಕುಚ್ಚಲಕ್ಕಿ ಗಂಜಿ ಮಾಡಿಕೊಡುತ್ತಾರೆಯೇ ಎಂದು ಕೇಳಿ ಬರೆದಿಡಿ. ಕೊನೆಯದಾಗಿ, ದಿನಚರಿಯ ಹಾಳೆ ಕನ್ನಡದಲ್ಲಿರಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹಿರಿಯರಲ್ಲಿ ಅನೇಕರು ಮಲಯಾಳ ಮಾತಾಡುತ್ತಾರೆ, ಓದಲಾರರು. ಪರಶ್ಶಿನಿಕಡವಿನ ಬೋರ್ಡ್‌ಗಳು ಅವರಿಗೆ ಪ್ರಯೋಜನಕ್ಕೆ ಬರುವುದಿಲ್ಲ. ವ್ಯಾನ್ ನಿಲ್ಲುವ ಜಾಗ, ಮರಳಿ ಸೇರುವ ಸಮಯ, ಡ್ರೈವರ್ ಮತ್ತು ನಮ್ಮ ಫೋನ್ ನಂಬರ್, ಹತ್ತಿರದ ಆಸ್ಪತ್ರೆ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಹಿರಿಯರ ಕೈಗೆ ಒಂದೊಂದು ಪ್ರತಿ ಕೊಡಿ.