ಕೊನೆಯ ಕಾಲು ಮಾತ್ರೆ

"ಡಾಕ್ಟ್ರೇ, ಉಳಿದಿರೋದು ಬರೀ ಪಾಯಿಂಟ್ ಟೂ ಫೈವ್. ಇದನ್ನ ಬಿಡೋಕೆ ಯಾಕಿಷ್ಟು ಒದ್ದಾಟ?"

ಕೇಳಿದವರು ನಿವೃತ್ತ ಶಾಲಾ ಶಿಕ್ಷಕಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. 11 ವರ್ಷದ ಹಿಂದೆ ಗಂಡ ತೀರಿಕೊಂಡಾಗ, ನಿದ್ದೆ ಬರಲೆಂದು ಒಬ್ಬ ವೈದ್ಯರು ಅಲ್ಪ್ರಜೋಲಾಮ್ ಬರೆದುಕೊಟ್ಟಿದ್ದರು. 15 ದಿನಕ್ಕೆ. ಆ 15 ದಿನ ಮುಗಿಯಲೇ ಇಲ್ಲ. ರಾತ್ರಿಯ 0.25 ಸಾಲದೆ 0.5 ಆಯಿತು. ಆಮೇಲೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗಿ ಎದೆ ಡವಡವ ಅನ್ನತೊಡಗಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಸೇರಿಕೊಂಡಿತು. ನನ್ನ ಬಳಿ ಬರುವ ಹೊತ್ತಿಗೆ ದಿನಕ್ಕೆ 1.5 ಮಿ.ಗ್ರಾಂ.

ಅವರು ತಾವಾಗಿ ಬಂದಿರಲಿಲ್ಲ. ಮಗ ಯಾವುದೋ ವಿಡಿಯೋ ನೋಡಿ ಗಾಬರಿಯಾಗಿ, ಇದ್ದ ಮಾತ್ರೆಯನ್ನೆಲ್ಲ ಕಸಕ್ಕೆ ಹಾಕಿದ್ದ. ಎರಡನೇ ದಿನ ಕೈ ನಡುಕ, ಬೆವರು, ಒಂದು ಚೂರೂ ನಿದ್ದೆ ಇಲ್ಲ. ಮೂರನೇ ದಿನ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಮಗನದು ಪ್ರೀತಿಯೇ. ಆದರೆ ಈ ಮಾತ್ರೆಗಳನ್ನು ದಿನಾ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಬರಬಹುದು. ಈ ಅಂಕಣದಲ್ಲಿ ಬೇರೇನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ಯಾಕೆ ಹೀಗಾಗುತ್ತದೆ? ಶಾಲೆಯ ಮೈದಾನದಲ್ಲಿ ಹಗ್ಗ ಜಗ್ಗುವ ಆಟ ನೆನೆಸಿಕೊಳ್ಳಿ. ಒಂದು ಕಡೆ ಮಾತ್ರೆ. ಅದು ಮಿದುಳಿನ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸಿ, ನರಗಳನ್ನು ಶಾಂತಿಯ ಕಡೆಗೆ ಎಳೆಯುತ್ತದೆ. ಇನ್ನೊಂದು ಕಡೆ ಮಿದುಳು. ದಿನಾ ಎಳೆದರೆ ಅದೂ ಕಾಲೂರಿ ತನ್ನ ಕಡೆಗೆ ಎಳೆಯಲು ಕಲಿಯುತ್ತದೆ. ಅದಕ್ಕೇ ಮೊದಲಿನ ಡೋಸ್ ಸಾಲದೆ ಹೋಗುವುದು. ಈಗ ಮಾತ್ರೆಯ ಕಡೆಯವರು ಹಗ್ಗ ಬಿಟ್ಟುಬಿಟ್ಟರೆ? ಮಿದುಳು ದಡಾರನೆ ಹಿಂದಕ್ಕೆ ಬೀಳುತ್ತದೆ. ಆ ಬೀಳುವಿಕೆಯೇ ನಡುಕ, ಗಾಬರಿ, ಫಿಟ್ಸ್. ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲ ಬಿಟ್ಟರೆ ಎದುರಿನವರಿಗೂ ನೆಟ್ಟಗೆ ನಿಲ್ಲಲು ಸಮಯ ಸಿಗುತ್ತದೆ, ಅಲ್ವಾ?

ಇದಕ್ಕೂ ಮನೋಬಲಕ್ಕೂ ಸಂಬಂಧವಿಲ್ಲ. ತೆಲಂಗಾಣದಲ್ಲಿ ಕಲಬೆರಕೆ ಸೇಂದಿ ಸಿಗದೆ ಹೋದಾಗ ಜನ ನಡುಕ, ಭ್ರಮೆ, ಫಿಟ್ಸ್ ಅಂತ ಆಸ್ಪತ್ರೆ ಸೇರಿದ್ದುಂಟು. ಆ ಸೇಂದಿಗೆ ಇದೇ ಅಲ್ಪ್ರಜೋಲಾಮ್, ಡಯಾಜೆಪಾಮ್ ಬೆರೆಸುತ್ತಿದ್ದರು. ಕುಡಿದವರಲ್ಲಿ ಎಷ್ಟೋ ಮಂದಿಗೆ ಮಾತ್ರೆಯ ಹೆಸರೂ ಗೊತ್ತಿರಲಿಲ್ಲ. ಮೈಗೆ ಮಾತ್ರ ಗೊತ್ತಿತ್ತು. ಹಾಗಾಗಿ ವೈದ್ಯರು ಬರೆದ ಮಾತ್ರೆಯನ್ನು ಹೇಳಿದ ಹಾಗೆ ತೆಗೆದುಕೊಂಡವರನ್ನು "ಚಟಕ್ಕೆ ಬಿದ್ದಿದ್ದಾರೆ" ಎಂದರೆ ನನಗೆ ನಿಜಕ್ಕೂ ನೋವಾಗುತ್ತದೆ. ಚಟ ಬೇರೆ. ಮೈ ಒಗ್ಗಿಕೊಳ್ಳುವುದು ಬೇರೆ.

ತಪ್ಪು ಹೆಚ್ಚಾಗಿ ನಮ್ಮ ಕಡೆಯದು. ಬೆಂಜೊಡಯಜೆಪೈನ್ ಎಂಬ ಈ ಗುಂಪಿನ ಮೊದಲ ಮಾತ್ರೆ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚಿನ ಬಾರ್ಬಿಚುರೇಟ್ ಮಾತ್ರೆಗಳು ಸ್ವಲ್ಪ ಜಾಸ್ತಿಯಾದರೂ ಪ್ರಾಣ ತೆಗೆಯುತ್ತಿದ್ದವು. ಹಾಗಾಗಿ ಹೊಸದನ್ನು ವೈದ್ಯರು ಧೈರ್ಯವಾಗಿ ಬರೆದರು. ಇಂದಿಗೂ ಬರೆಯುತ್ತೇವೆ, ಆದರೆ ಯಾವಾಗ ನಿಲ್ಲಿಸಬೇಕು ಅಂತ ಚೀಟಿಯಲ್ಲಿ ಬರೆಯುವುದಿಲ್ಲ. ಇವು ಎಚ್1 ಪಟ್ಟಿಯಲ್ಲಿರುವ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳು. 2014ರಿಂದ ಔಷಧಿ ಅಂಗಡಿಯವರು ಇವುಗಳ ಮಾರಾಟವನ್ನು ಬೇರೆ ಪುಸ್ತಕದಲ್ಲಿ ದಾಖಲಿಸಿ 3 ವರ್ಷ ಇಟ್ಟುಕೊಳ್ಳಬೇಕು. ಆದರೂ ಮಡಿಕೆ ಬಿದ್ದ ಹಳೇ ಚೀಟಿಗೆ ಮಾತ್ರೆ ಸಿಗುತ್ತಲೇ ಇದೆ.

ನನ್ನದೂ ಒಂದು ತಪ್ಪಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಬಸ್ ಚಾಲಕರ ಡೋಸನ್ನು ವಾರಕ್ಕೊಮ್ಮೆ ಅರ್ಧ ಮಾಡುತ್ತಾ ಹೋದೆ. ಮೂರನೇ ವಾರ ಅವರು ಮೊದಲಿಗಿಂತ ಜಾಸ್ತಿ ಗಾಬರಿಯಾಗಿ ಬಂದರು. "ಕಾಯಿಲೆ ವಾಪಸ್ ಬಂದಿದೆ" ಎಂದು ಡೋಸ್ ಏರಿಸಿದೆ. ಬಂದಿದ್ದು ಕಾಯಿಲೆಯಲ್ಲ. ಮಾತ್ರೆ ಮೈಯಿಂದ ಹೋಗುವಾಗ ಮಾಡುವ ಗಲಾಟೆ ಅದು. ನನ್ನ ಅವಸರಕ್ಕೆ ಅವರು ಇನ್ನೆರಡು ವರ್ಷ ಮಾತ್ರೆ ನುಂಗಿದರು.

ಎರಡಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಮೊದಲು ಇಲ್ಲದಿದ್ದ ತೊಂದರೆಗಳನ್ನು ನಾನು ಕೇಳುತ್ತೇನೆ. ಕಿವಿಯಲ್ಲಿ ಗುಂಯ್ ಅನ್ನುವುದು, ಚರ್ಮ ಜುಮುಜುಮು, ಟ್ಯೂಬ್‌ಲೈಟ್ ಬೆಳಕು ಕಣ್ಣಿಗೆ ಚುಚ್ಚುವುದು, ಪಾತ್ರೆ ಸದ್ದಿಗೆ ಬೆಚ್ಚುವುದು, ನೆಲ ಅಲುಗಿದ ಹಾಗಾಗುವುದು. ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ಇವು ಶುರುವಾಗಿ, ಅಲೆಯ ಹಾಗೆ ಏರಿ ಇಳಿದು, ವಾರಗಳಲ್ಲಿ ತಗ್ಗುತ್ತಾ ಬಂದರೆ ಅದು ಮಾತ್ರೆ ಹೋಗುವ ಸೂಚನೆ. ಅಲ್ಪ್ರಜೋಲಾಮ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 11 ಗಂಟೆ. ನಮ್ಮ ಶಿಕ್ಷಕಿಯ ಬೆಳಗಿನ ಜಾವದ ಡವಡವವೂ ರಾತ್ರಿಯ ಡೋಸ್ ಇಳಿಯುತ್ತಿದ್ದುದರ ಗುರುತೇ. ಅದನ್ನು ಅವರು ಅಷ್ಟೂ ವರ್ಷ ಗಂಡನ ನೆನಪಿನ ಸಂಕಟ ಅಂದುಕೊಂಡಿದ್ದರು.

ಇಳಿಸುವ ವೇಗದ ಬಗ್ಗೆ ಹೆಚ್ಚು ಕಲಿಸಿದವರಲ್ಲಿ ಹೆದರ್ ಆಶ್ಟನ್ ಒಬ್ಬರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡುವವರಿಗಾಗಿಯೇ ಕ್ಲಿನಿಕ್ ನಡೆಸಿದರು. ರೋಗಿಯೇ ವೇಗ ನಿರ್ಧರಿಸಲಿ ಎಂಬುದು ಅವರ ರೀತಿ. ಅಮೆರಿಕದ ತಜ್ಞರು 2025ರಲ್ಲಿ ಕೊಟ್ಟ ಮಾರ್ಗಸೂಚಿಯೂ 2ರಿಂದ 4 ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಿ ಶುರು ಮಾಡಿ ಅನ್ನುತ್ತದೆ.

ಈಗ ಶಿಕ್ಷಕಿಯ ಪ್ರಶ್ನೆಗೆ ಬರೋಣ. ನಾವು ಪ್ರತಿ ಸಲ 0.25ರ ಅರ್ಧ ಮಾತ್ರೆ ಕಡಿಮೆ ಮಾಡುತ್ತಿದ್ದೆವು. 1.5ರಲ್ಲಿ ಅಷ್ಟು ಕಡಿಮೆಯಾದರೆ ಶೇ. 8. ಅದೇ ಅರ್ಧ ಮಾತ್ರೆ, ಉಳಿದಿರುವುದು 0.25 ಆದಾಗ ಶೇ. 50! ಕೈಗೆ ಸಿಕ್ಕುವ ಚೂರು ಒಂದೇ, ಮಿದುಳಿಗೆ ಬೀಳುವ ಪೆಟ್ಟು ಬೇರೆ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗಣಿತ ಮೇಷ್ಟ್ರಾಗಿ 30 ವರ್ಷ ಕಲಿಸಿದೆ, ಇದು ಹೊಳೀಲಿಲ್ವಲ್ಲ" ಅಂದರು. ತಮ್ಮಲ್ಲೇ ಏನೋ ಕೊರತೆ ಇದೆ ಅಂತ ಎಷ್ಟೋ ವಾರ ಕೊರಗಿದ್ದರಂತೆ. ಹೀಗೇ ಅಂದುಕೊಂಡು ಕೊನೆಯ ಹಂತದಲ್ಲಿ ಸೋತು ಹಿಂತಿರುಗಿದವರನ್ನು ನಾನು ತುಂಬಾ ನೋಡಿದ್ದೇನೆ.

ಅವರನ್ನು ಮೈಯಿಂದ ನಿಧಾನವಾಗಿ ಹೋಗುವ ಡಯಾಜೆಪಾಮ್‌ಗೆ ಬದಲಿಸಿದೆ. 0.25 ಅಲ್ಪ್ರಜೋಲಾಮ್‌ಗೆ ಅದು ಸುಮಾರು 5 ಮಿ.ಗ್ರಾಂ. 2 ಮಿ.ಗ್ರಾಂ. ಮಾತ್ರೆಯ ಕಾಲು ಭಾಗ ಇಳಿಸಿದರೆ ಶೇ. 10 ಆಯಿತು. ತುಂಬಾ ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ ಈ ದಾರಿ ಹೊಂದುವುದಿಲ್ಲ. ಅದು ಮೈಯಲ್ಲಿ ಉಳಿದು, ತೂಕಡಿಸಿ ಬೀಳಿಸುತ್ತದೆ. ಹಾಗಾಗಿ ಈ ಲೆಕ್ಕವನ್ನು ಮನೆಯಲ್ಲಿ ನೀವೇ ಮಾಡಬೇಡಿ. ಮೊದಲು ಫಿಟ್ಸ್ ಬಂದಿದ್ದವರು, ಕುಡಿಯುವವರು, ಗರ್ಭಿಣಿಯರು ವೈದ್ಯರಿಲ್ಲದೆ ಡೋಸ್ ಮುಟ್ಟಲೇಬಾರದು. ಸಾಯಬೇಕು ಅನ್ನಿಸಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮಧ್ಯಾಹ್ನದ ಕಾಫಿ ಬಿಟ್ಟರು. ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಏಳುವ ಸಮಯ ಒಂದೇ. ವಾರಕ್ಕೊಮ್ಮೆ ನಮ್ಮ ಮನಶ್ಶಾಸ್ತ್ರಜ್ಞೆಯ ಜೊತೆ ಕೂತು, 11 ವರ್ಷ ಮಾತ್ರೆಯ ಅಡಿಯಲ್ಲಿ ಮುಚ್ಚಿಟ್ಟಿದ್ದ ದುಃಖವನ್ನು ಮಾತಾಡಿದರು. ಕೆಟ್ಟ ವಾರ ಬಂದರೆ ಇದ್ದ ಡೋಸಿನಲ್ಲೇ ನಿಲ್ಲುತ್ತೇವೆ, ಮೇಲೆ ಹೋಗುವುದಿಲ್ಲ.

ಮಾತ್ರೆ ಕತ್ತರಿಸುವ ಕೆಲಸ ಈಗ ಮಗನದು. ಭಾನುವಾರ ಕೂತು ವಾರಕ್ಕಾಗುವಷ್ಟು ಚೂರುಗಳನ್ನು ಡಬ್ಬಿಗೆ ತುಂಬಿಡುತ್ತಾನೆ. ಶಿಕ್ಷಕಿ ಸದ್ಯ ಡಯಾಜೆಪಾಮ್ 1 ಮಿ.ಗ್ರಾಂ.ನಲ್ಲಿದ್ದಾರೆ. ಮುಂದಿನ ಕಡಿತ ಗಣೇಶನ ಹಬ್ಬ ಮುಗಿದು ನೆಂಟರೆಲ್ಲ ಹೋದ ಮೇಲೆ ಅಂತ ಅವರೇ ಹೇಳಿದ್ದಾರೆ. ನಾನು ಹಾಗೇ ಬರೆದುಕೊಂಡಿದ್ದೇನೆ.