ಗೇನ್ ನೂರು, ಆದರೆ ಯಾವ ಫ್ರೀಕ್ವೆನ್ಸಿಗೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಎರಡು ಅಪರೂಪದ ಅಳತೆ ಕೇಂದ್ರಗಳಿವೆ. ಒಂದು, ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು. 1960ರ ದಶಕದಿಂದಲೂ ಇದೆ. ದೂರದ ಭೂಕಂಪ, ನೆಲದೊಳಗೆ ನಡೆಸುವ ಅಣುಸ್ಫೋಟ, ಇವುಗಳ ನಡುಕವನ್ನು ಹಿಡಿಯುವುದು ಅದರ ಕೆಲಸ. ಅಷ್ಟು ದೂರದಿಂದ ಬರುವ ನಡುಕ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಸಲ ಆಡುತ್ತದೆ. ಇನ್ನೊಂದು, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ. ಅದು ಆಕಾಶವನ್ನು ನೋಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಅಂದರೆ ಸೆಕೆಂಡಿಗೆ 3 ಕೋಟಿ 45 ಲಕ್ಷ ಸಲ ಆಡುವ ಅಲೆ. ಸೆಕೆಂಡಿಗೆ ಎಷ್ಟು ಸಲ ಅನ್ನೋ ಈ ಲೆಕ್ಕವೇ ಫ್ರೀಕ್ವೆನ್ಸಿ.

ಎರಡೂ ಕಡೆ ಸಿಗ್ನಲ್ ತೀರಾ ಸಣ್ಣದು. ಅದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನೋದೇ ಅದರ ಗೇನ್. ಆದರೆ "ನನ್ನ ಹತ್ರ ಗೇನ್ ನೂರು ಇರೋ ಆಂಪ್ಲಿಫೈಯರ್ ಇದೆ" ಅಂತ ಯಾರಾದರೂ ಬಂದರೆ ಎರಡೂ ಕಡೆಯವರು ಮೊದಲು ಕೇಳಬೇಕಾದ್ದು ಒಂದೇ: ಯಾವ ಫ್ರೀಕ್ವೆನ್ಸಿಗೆ? ಆ ಉತ್ತರ ಇಲ್ಲದಿದ್ದರೆ ನೂರು ಅನ್ನೋ ಸಂಖ್ಯೆಗೆ ಅರ್ಥವೇ ಇಲ್ಲ.

ನಮ್ಮ ಡಿಪ್ಲೊಮಾ, ಬಿ.ಇ. ಕಾಲೇಜುಗಳ ಲ್ಯಾಬ್‌ನಲ್ಲಿ ಇದನ್ನು ಫ್ರೀಕ್ವೆನ್ಸಿ ರೆಸ್ಪಾನ್ಸ್ ಪ್ರಯೋಗ ಅಂತಾರೆ. ಬೇಕಾಗಿರೋದು ಬೇಕಾದ ಫ್ರೀಕ್ವೆನ್ಸಿಯ ಅಲೆ ಹುಟ್ಟಿಸುವ ಒಂದು ಫಂಕ್ಷನ್ ಜನರೇಟರ್, ಅಲೆಯನ್ನು ಪರದೆಯ ಮೇಲೆ ತೋರಿಸುವ ಒಂದು ಸಿಆರ್‌ಓ, ಬೆಸುಗೆ ಇಲ್ಲದೆ ಸರ್ಕ್ಯೂಟ್ ಕಟ್ಟುವ ಒಂದು ಬ್ರೆಡ್‌ಬೋರ್ಡ್, ಒಂದು 741 ಆಪ್ ಆಂಪ್, ಅಂದರೆ ಆಂಪ್ಲಿಫೈಯರ್ ಚಿಪ್. 741 ಹಳೇ ಚಿಪ್. ಫೇರ್‌ಚೈಲ್ಡ್ ಕಂಪನಿಗಾಗಿ ಡೇವ್ ಫುಲ್ಲಗರ್ ವಿನ್ಯಾಸ ಮಾಡಿದ್ದು, ಮಾರುಕಟ್ಟೆಗೆ ಬಂದದ್ದು 1968ರಲ್ಲಿ. ಇವತ್ತು ಇದಕ್ಕಿಂತ ಎಷ್ಟೋ ಚುರುಕಾದ ಚಿಪ್‌ಗಳಿವೆ. ಆದರೂ ಕಲಿಯೋದಕ್ಕೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇದು ಸೋಲುವ ಜಾಗ ಸಾಮಾನ್ಯ ಉಪಕರಣಗಳ ಅಳತೆಯೊಳಗೇ ಬರುತ್ತದೆ. ಸೋಲು ಕಣ್ಣಿಗೆ ಕಂಡರೆ ತಾನೇ ಕಾರಣ ಹುಡುಕಬೇಕು ಅನಿಸೋದು?

100 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರ್ ಹಾಕಿ ನಾನ್ ಇನ್ವರ್ಟಿಂಗ್ (ಅಲೆಯನ್ನು ತಲೆಕೆಳಗು ಮಾಡದ) ಸರ್ಕ್ಯೂಟ್ ಕಟ್ಟಿದರೆ ಲೆಕ್ಕದ ಪ್ರಕಾರ ಗೇನ್ 101. ಇನ್‌ಪುಟ್‌ಗೆ 10 ಮಿಲಿವೋಲ್ಟ್ ಎತ್ತರದ ಸೈನ್ ಅಲೆ ಕೊಡಿ. 100 ಹರ್ಟ್ಸ್‌ನಲ್ಲಿ ಔಟ್‌ಪುಟ್ ಸುಮಾರು 1 ವೋಲ್ಟ್. 1 ಕಿಲೋಹರ್ಟ್ಸ್‌ನಲ್ಲೂ ಅಷ್ಟೇ, ವ್ಯತ್ಯಾಸ ಸಿಆರ್‌ಓ ಪರದೆಯಲ್ಲಿ ಕಾಣುವುದಿಲ್ಲ. 5 ಕಿಲೋಹರ್ಟ್ಸ್‌ಗೆ ಬಂದಾಗ 0.9 ವೋಲ್ಟ್. 10ಕ್ಕೆ 0.7. 20ಕ್ಕೆ 0.45. 100 ಕಿಲೋಹರ್ಟ್ಸ್‌ಗೆ ಬರೀ 0.1 ವೋಲ್ಟ್. ಯಾವ ವೈರೂ ಬಿಚ್ಚಿಲ್ಲ, ಯಾವ ರೆಸಿಸ್ಟರೂ ಬದಲಾಗಿಲ್ಲ. ಆದರೂ ನೂರರ ಗೇನ್ ಹತ್ತಕ್ಕೆ ಇಳಿದಿದೆ.

ಈಗ ಪರದೆಯ ಮೇಲೆ ಎರಡೂ ಅಲೆಗಳನ್ನು ಒಟ್ಟಿಗೆ ಇಟ್ಟು ನೋಡಿ. 10 ಕಿಲೋಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 100 ಮೈಕ್ರೋಸೆಕೆಂಡ್. ಔಟ್‌ಪುಟ್‌ನ ತುದಿ ಇನ್‌ಪುಟ್‌ನ ತುದಿಗಿಂತ 12.5 ಮೈಕ್ರೋಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಸುತ್ತಿನ ಎಂಟನೇ ಒಂದು ಭಾಗ, ಅಂದರೆ 45 ಡಿಗ್ರಿ. ಪ್ರತಿ ಫ್ರೀಕ್ವೆನ್ಸಿಗೂ ಎಷ್ಟು ದೊಡ್ಡದಾಯಿತು, ಎಷ್ಟು ತಡವಾಯಿತು ಅನ್ನೋ ಈ ಎರಡೂ ಸೇರಿದರೇನೇ ಟ್ರಾನ್ಸ್‌ಫರ್ ಫಂಕ್ಷನ್. ಲ್ಯಾಬ್ ರೆಕಾರ್ಡ್‌ಗಳಲ್ಲಿ ಹೆಚ್ಚಾಗಿ ಮೊದಲನೆಯದನ್ನಷ್ಟೇ ಬರೆದು ಸೆಮಿಲಾಗ್ ಶೀಟ್‌ನಲ್ಲಿ ಗ್ರಾಫ್ ಎಳೆದು ಮುಗಿಸುತ್ತಾರೆ. ಇದು ನನಗೆ ಬೇಸರದ ವಿಷಯ. ಯಾಕೆಂದರೆ ಒಳಗಿನ ಕಥೆಯೆಲ್ಲ ಆ ತಡದಲ್ಲೇ ಇದೆ.

ಆ ಕಥೆ ಹೀಗಿದೆ. 741ರ ಒಳಗೆ 30 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಇದೆ. ಅದನ್ನು ತುಂಬಿಸಲು, ಖಾಲಿ ಮಾಡಲು ಸಿಗೋದು ಹೆಚ್ಚೆಂದರೆ 20 ಮೈಕ್ರೋಆಂಪಿಯರ್ ಆಸುಪಾಸಿನ ಕರೆಂಟ್. ಸಣ್ಣ ನಲ್ಲಿಯ ಕೆಳಗೆ ಇಟ್ಟ ಕೊಡ ನೆನೆಸಿಕೊಳ್ಳಿ. ನೀರಿನ ಮಟ್ಟ ನಿಧಾನವಾಗಿ ಏರಿಳಿಯಬೇಕು ಅಂದರೆ ಆಗುತ್ತದೆ. ಬೇಗ ಬೇಗ ಏರಿಳಿಯಬೇಕು ಅಂದರೆ ಮಟ್ಟ ಸ್ವಲ್ಪವೇ ಅಲುಗಾಡುತ್ತದೆ, ಅದೂ ತಡವಾಗಿ. ಈ ಕೆಪಾಸಿಟರ್ ಇರುವುದರಿಂದ ಚಿಪ್‌ನ ಸ್ವಂತ ಗೇನ್ 5 ಹರ್ಟ್ಸ್‌ವರೆಗೆ ಸುಮಾರು 2 ಲಕ್ಷ. ಅಲ್ಲಿಂದ ಮುಂದೆ ಫ್ರೀಕ್ವೆನ್ಸಿ ಹತ್ತು ಪಟ್ಟಾದಂತೆ ಗೇನ್ ಹತ್ತರಲ್ಲಿ ಒಂದು ಪಾಲಾಗುತ್ತಾ ಹೋಗುತ್ತದೆ. 10 ಕಿಲೋಹರ್ಟ್ಸ್ ಹೊತ್ತಿಗೆ ಅದರ ಹತ್ತಿರ ಉಳಿದಿರೋದೇ ನೂರು. ನಾವು ಕೇಳುತ್ತಿರೋದೂ ನೂರೊಂದು. ಅಲ್ಲೇ ಸುಸ್ತು.

ಬೇಕಂತಲೇ ನಿಧಾನ ಮಾಡಿದ್ದು ಯಾಕೆ? ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ತಂದು ಇನ್‌ಪುಟ್‌ನಿಂದ ಕಳೆಯುವ ಫೀಡ್‌ಬ್ಯಾಕ್ ಮೇಲೆ ಇಡೀ ಸರ್ಕ್ಯೂಟ್ ನಿಂತಿದೆ. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್‌ಗೆ 1927ರ ಆಗಸ್ಟ್‌ನಲ್ಲಿ, ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೋಗುವಾಗ ಹೊಳೆದ ವಿಚಾರ ಇದು. ಕೈಯಲ್ಲಿದ್ದ ಪತ್ರಿಕೆಯ ಹಾಳೆಯ ಮೇಲೇ ಅದನ್ನು ಬರೆದುಕೊಂಡರು. ಆದರೆ ಆಂಪ್ಲಿಫೈಯರ್‌ನ ಪ್ರತಿ ಹಂತವೂ ಸ್ವಲ್ಪ ತಡ ಮಾಡುತ್ತದೆ. ಎಲ್ಲ ತಡ ಸೇರಿ 180 ಡಿಗ್ರಿ ಆದರೆ ಕಳೆಯಬೇಕಾದ್ದು ಕೂಡಲು ಶುರುವಾಗುತ್ತದೆ. ಆಗಲೂ ಗೇನ್ ಉಳಿದಿದ್ದರೆ ಆಂಪ್ಲಿಫೈಯರ್ ತಾನೇ ಕೂಗಲು ಶುರು, ಅಂದರೆ ಇನ್‌ಪುಟ್ ಇಲ್ಲದೆಯೂ ಅಲೆ ಹುಟ್ಟಿಸುತ್ತದೆ. ಆ ಹಂತ ಬರುವ ಮೊದಲೇ ಗೇನ್ ಅನ್ನು ಒಂದಕ್ಕಿಂತ ಕೆಳಗೆ ಇಳಿಸಿಬಿಡುವುದು ಆ 30 ಪಿಕೋಫ್ಯಾರಡ್‌ನ ಕೆಲಸ. ಇದಕ್ಕೂ ಮೊದಲು ಬಂದ 709 ಚಿಪ್‌ಗೆ ಈ ಕೆಪಾಸಿಟರನ್ನು ಬಳಸುವವರೇ ಹೊರಗಿಂದ ಹಾಕಬೇಕಿತ್ತು. ಗೇನ್ ಮತ್ತು ತಡವನ್ನು ಒಂದರ ಕೆಳಗೊಂದು ಗ್ರಾಫ್‌ನಲ್ಲಿ ಎಳೆಯುವ ಪದ್ಧತಿಗೆ ಬೆಲ್ ಲ್ಯಾಬ್ಸ್‌ನವರೇ ಆದ ಹೆಂಡ್ರಿಕ್ ಬೋಡೆ ಹೆಸರು ಉಳಿದಿರೋದು ಇದೇ ಕಾರಣಕ್ಕೆ. ಎರಡನ್ನೂ ಒಟ್ಟಿಗೆ ನೋಡಿದರೆ ಸರ್ಕ್ಯೂಟ್ ಕೂಗುತ್ತದೋ ಇಲ್ಲವೋ ಮೊದಲೇ ಗೊತ್ತಾಗುತ್ತದೆ.

ಅಳತೆ ಕೆಡುವ ದಾರಿಗಳು ಬೇಕಾದಷ್ಟಿವೆ. ಇನ್‌ಪುಟ್ ಜಾಸ್ತಿ ಕೊಡಬೇಡಿ. 741ರ ಔಟ್‌ಪುಟ್ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಓಡಲಾರದು. ಮತ್ತೆ ಅದೇ ಕೊಡ, ಅದೇ ನಲ್ಲಿ. 10 ವೋಲ್ಟ್ ಎತ್ತರದ ಅಲೆ 8 ಕಿಲೋಹರ್ಟ್ಸ್ ದಾಟಿದರೆ ಸೈನ್ ಹೋಗಿ ತ್ರಿಕೋನವಾಗುತ್ತದೆ. ಆಗ ಬರುವ ಸಂಖ್ಯೆ ಟ್ರಾನ್ಸ್‌ಫರ್ ಫಂಕ್ಷನ್ ಅಲ್ಲವೇ ಅಲ್ಲ. ಅದಕ್ಕೇ ಮೀಟರ್ ಒಂದನ್ನೇ ನಂಬದೆ ಅಲೆಯ ಆಕಾರ ನೋಡುತ್ತಿರಬೇಕು. ಇನ್‌ಪುಟ್ ಅನ್ನೂ ಪ್ರತಿ ಸಲ ಅಳೆಯಬೇಕು, ಜನರೇಟರ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಎತ್ತರ ಕೊಡುತ್ತದೆ ಅನ್ನೋ ಭರವಸೆ ಇಲ್ಲ. ಇನ್ನು ಭೂಕಂಪದ ಕಡೆಯವರಿಗೆ ಬೇಕಾದ 1 ಹರ್ಟ್ಸ್ ಅಳೆಯುವಾಗ ಸಿಆರ್‌ಓ ಸ್ವಿಚ್ ಎಸಿಯಲ್ಲಿದ್ದರೆ ಕಥೆ ಮುಗಿಯಿತು. ಎಸಿ ಸ್ಥಾನದಲ್ಲಿ ಸಿಆರ್‌ಓ ತಾನೇ ಸುಮಾರು 10 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿದು ಹಾಕುತ್ತದೆ. ತಪ್ಪು ಸಿಆರ್‌ಓದ್ದು, ಬೈಗುಳ ಆಪ್ ಆಂಪ್‌ಗೆ. ಡಿಸಿಗೆ ಹಾಕಿ ಅಳೆಯಬೇಕು.

ಮೇಲಿನ ತುದಿಯಲ್ಲಿ ಬೇರೆ ಕಷ್ಟ. 100 ಕಿಲೋ ಓಮ್ ರೆಸಿಸ್ಟರ್ ಪಕ್ಕದಲ್ಲಿ ಬ್ರೆಡ್‌ಬೋರ್ಡ್‌ನ ಎರಡು ಪಿಕೋಫ್ಯಾರಡ್ ಸೇರಿಕೊಂಡರೂ 800 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಅದರ ಪರಿಣಾಮ ಶುರುವಾಗುತ್ತದೆ. 741ಕ್ಕೆ ಇದು ಲೆಕ್ಕಕ್ಕಿಲ್ಲ, ಚುರುಕಾದ ಚಿಪ್‌ಗೆ ಬಹಳ ಲೆಕ್ಕ. 34.5 ಮೆಗಾಹರ್ಟ್ಸ್‌ನಲ್ಲಂತೂ ವೈರ್ ಕೂಡ ಸರ್ಕ್ಯೂಟ್‌ನ ಭಾಗವೇ. ಅಲ್ಲಿ ಅಲೆಯ ಉದ್ದ 8.7 ಮೀಟರ್. ಸಾಮಾನ್ಯ ಕೋಆಕ್ಸ್ ಕೇಬಲ್ ಒಂದು ಮೀಟರ್ ಜಾಸ್ತಿ ಆದರೆ ಸುಮಾರು 60 ಡಿಗ್ರಿ ತಡ. ಗೌರಿಬಿದನೂರಿನ ಆ ದೂರದರ್ಶಕದಲ್ಲಿ ಟಿ ಆಕಾರದಲ್ಲಿ ನಿಲ್ಲಿಸಿದ್ದು 1000 ಡೈಪೋಲ್ ಆಂಟೆನಾಗಳನ್ನು. ಅವೆಲ್ಲದರ ಸಿಗ್ನಲ್ ಹೊಂದಿಕೊಂಡು ಕೂಡಬೇಕಾದರೆ ಆಂಪ್ಲಿಫೈಯರ್‌ನಷ್ಟೇ ಕೇಬಲ್‌ನ ತಡವನ್ನೂ ಅಳೆಯಲೇಬೇಕು.

ಫಂಕ್ಷನ್ ಜನರೇಟರ್, ಸಿಆರ್‌ಓ ಇಲ್ಲದ ವಿದ್ಯಾರ್ಥಿಗಳೂ ಸುಮ್ನೆ ಕೂರಬೇಕಿಲ್ಲ. ಲ್ಯಾಪ್‌ಟಾಪ್‌ನ ಸೌಂಡ್ ಕಾರ್ಡ್ ಸುಮಾರು 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಅಲೆ ಹುಟ್ಟಿಸುತ್ತದೆ, ಅಳೆಯುತ್ತದೆ. ನೂರೊಂದರ ಗೇನ್ ಇರುವ 741 ಸೋಲುವ ಜಾಗ ಅದರೊಳಗೇ ಬರುತ್ತದೆ. ಸೌಂಡ್ ಕಾರ್ಡ್‌ಗೆ ಒಂದು ವೋಲ್ಟ್‌ಗಿಂತ ಹೆಚ್ಚು ಹೋಗದಂತೆ ನೋಡಿಕೊಳ್ಳಿ. ಮೊದಲು ಔಟ್‌ಪುಟ್ ಅನ್ನು ನೇರವಾಗಿ ಇನ್‌ಪುಟ್‌ಗೆ ಜೋಡಿಸಿ ಸೌಂಡ್ ಕಾರ್ಡ್‌ನದೇ ರೆಸ್ಪಾನ್ಸ್ ಬರೆದಿಟ್ಟುಕೊಳ್ಳಿ. ಆಮೇಲೆ ಸರ್ಕ್ಯೂಟ್ ಸೇರಿಸಿ ಅಳೆದು, ಮೊದಲಿನದರಿಂದ ಭಾಗಿಸಿ. ಎಡ ಚಾನೆಲ್‌ಗೆ ಇನ್‌ಪುಟ್, ಬಲ ಚಾನೆಲ್‌ಗೆ ಔಟ್‌ಪುಟ್ ಕೊಟ್ಟರೆ ತಡವೂ ಸಿಗುತ್ತದೆ. ಇದಕ್ಕೆ ಎರಡು ಚಾನೆಲ್ ಇರುವ ಲೈನ್ ಇನ್ ಬೇಕು, ಮೈಕ್ ಜ್ಯಾಕ್ ಸಾಲದು.